ಪಟ್ಟಿಯಲ್ಲಿ ಇಲ್ಲದ ಕಷಾಯ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ೨೦೧೪ರ ಫೆಬ್ರವರಿಯ ಒಂದು ಮಂಗಳವಾರ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ನಾನು ಕೆಲಸಕ್ಕಿದ್ದ ರಟ್ಟಿನ ಪೆಟ್ಟಿಗೆಗಳ ಕಾರ್ಖಾನೆಗೆ ಕಾಗದದ ರೋಲುಗಳು ಬಂದಿಳಿಯುತ್ತಿದ್ದವು. ಗೇಟ್ ಪಾಸಿನಲ್ಲಿ ಲಾರಿ ಬಂದ ಹೊತ್ತನ್ನು ಬರೆದು ಪೆನ್ನು ಎತ್ತುವಷ್ಟರಲ್ಲಿ ಫೋನ್ ಬಂತು. ಊದ್ ಮೇಥಾದ ಶಾಲೆಯಿಂದ. ನನ್ನ ಹೆಂಡತಿ ಶಶಿಕಲಾ ಅಲ್ಲಿ ಆರನೇ ತರಗತಿಗೆ ಗಣಿತ ಕಲಿಸುತ್ತಿದ್ದಳು.

"ಸುಧಾಕರ್ ಸರ್, ಶಶಿ ಮಿಸ್ ಬೋರ್ಡಿನ ಹತ್ತಿರವೇ ಕೂತುಬಿಟ್ಟಿದ್ದಾರೆ. ಹೊಟ್ಟೆನೋವು. ಏಳ್ಲಿಕ್ಕೇ ಆಗ್ತಾ ಇಲ್ಲ. ಬೇಗ ಬನ್ನಿ."

ಮೂರು ತಿಂಗಳಿಂದ ಅವಳಿಗೆ ಹೊಟ್ಟೆ ಉಬ್ಬರಿಸುತ್ತಿತ್ತು. ಶಾಲೆಯ ಕ್ಯಾಂಟೀನಿನ ಸಮೋಸದ ಮೇಲೆ ಅವಳು ತಪ್ಪು ಹೊರಿಸಿದ್ದಳು. ನಾನು ಓಮದ ನೀರು ಕುದಿಸಿ ಕೊಟ್ಟು, ಆಯಿತು ಎಂದುಕೊಂಡಿದ್ದೆ. ಅವತ್ತು ಸಂಜೆಯೇ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ದೊಡ್ಡ ಕರುಳು ಪೂರ್ತಿ ಮುಚ್ಚಿಹೋಗಿತ್ತು. ಹೊರಗೆ ಬಂದ ಸರ್ಜನ್ ಗಡ್ಡೆ ತೆಗೆದಿದ್ದೇವೆ ಎಂದರು. ನಾನು ಕೈ ಮುಗಿದೆ. ಅವರು ನನ್ನ ಕೈ ಹಿಡಿದುಕೊಂಡೇ ಮುಂದುವರಿಸಿದರು: ಲಿವರಿನ ಮೇಲೂ ಚುಕ್ಕೆಗಳಿವೆ.

ಆ ಎರಡು ವಾಕ್ಯಗಳ ನಡುವೆ ನಾನು ನಿಂತಿದ್ದ ನೆಲದ ಟೈಲ್ಸಿನ ಬಣ್ಣ ಕೂಡ ನನಗೆ ನೆನಪಿದೆ. ತಿಳಿ ಹಸಿರು.

ಮುಂದಿನ ಚಿಕಿತ್ಸೆ ಅಬುಧಾಬಿಯ ಆಸ್ಪತ್ರೆಯಲ್ಲಿ. ಎರಡು ವಾರಕ್ಕೊಮ್ಮೆ ಕೀಮೋ ಡ್ರಿಪ್. ದುಬೈಯ ಅಲ್ ನಹ್ದಾದಲ್ಲಿದ್ದ ನಮ್ಮ ಫ್ಲಾಟಿನಿಂದ ಬೆಳಿಗ್ಗೆ ಐದೂವರೆಗೆ ಹೊರಡುತ್ತಿದ್ದೆವು. ಈಗ ನೆನೆದರೆ ಆ ದಾರಿಯ ಮೇಲೆ ಎಂಥದೋ ಮೋಹ. ಫ್ಲಾಸ್ಕಿನಲ್ಲಿ ಶುಂಠಿ ಚಹಾ, ಹಿಂದಿನ ಸೀಟಿನಲ್ಲಿ ಉತ್ತರಪತ್ರಿಕೆಗಳ ಕಟ್ಟು, ಎರಡೂ ಬದಿಯಲ್ಲಿ ಓಡುವ ಖರ್ಜೂರದ ಗಿಡಗಳು. ಹೋಗುವಾಗ ಅವಳು ಪೇಪರ್ ತಿದ್ದುತ್ತಿದ್ದಳು. ಬರುವಾಗ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. "ಮಲಗಿದೆಯಾ?" ಎಂದರೆ, "ಇಲ್ಲ ಮಾರಾಯ್ರೆ, ನಿಮ್ಮ ಬ್ರೇಕಿಗೆ ನಿದ್ದೆ ಬರ್ತದಾ?" ಎನ್ನುತ್ತಿದ್ದಳು. ಆ ಬೈಗುಳ ಕೇಳಲಿಕ್ಕೆಂದೇ ನಾನು ಕೆಲವು ಸಲ ಸುಮ್ಮನೆ ಬ್ರೇಕ್ ಒತ್ತುತ್ತಿದ್ದೆ.

ಡಾ. ಹನಾನ್ ಅವಳ ಕ್ಯಾನ್ಸರ್ ವೈದ್ಯೆ. ಸುಡಾನಿನವರು, ಸಣ್ಣ ದನಿಯವರು. ಡ್ರಿಪ್ ಹಾಕುವ ವಾರ್ಡಿನಲ್ಲಿ ಸಿಸ್ಟರ್ ಲೀನಾ ಇದ್ದರು, ಬೆಳ್ಮಣ್ ಕಡೆಯ ಕೊಂಕಣಿ ಕ್ರೈಸ್ತರು. ಮೊದಲ ದಿನವೇ ನಮ್ಮ ಫೈಲಿನಲ್ಲಿ ಊರಿನ ಹೆಸರು ನೋಡಿ, "ಅಯ್ಯೋ, ನೀವು ಕಾಪುವಿನವರಾ? ಮತ್ತೆ ನಾನು ಇಂಗ್ಲಿಷ್ ಯಾಕೆ ಕುಟ್ಟುದು!" ಎಂದು ಶಶಿಯ ತಲೆದಿಂಬು ಸರಿಮಾಡಿದರು. ಅಷ್ಟು ಸಾಕಾಗಿತ್ತು. ಅವತ್ತಿನಿಂದ ನಾವು ಶಶಿಯಕ್ಕ, ಸುಧಾಕರಣ್ಣ.

ನಾಲ್ಕನೇ ಡ್ರಿಪ್ ಆಗುವಾಗ ಶಶಿಯ ಬೆರಳುಗಳು ಜೋಮು ಹಿಡಿದವು. ಆ ಮದ್ದಿನ ಒಂದು ಕಾಟವೆಂದರೆ ತಣ್ಣಗಿನದು ಯಾವುದೂ ಮೈಗೆ ಆಗುವುದಿಲ್ಲ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಒಳಗೆ ನನ್ನ ಹೆಂಡತಿ ಉಣ್ಣೆಯ ಕೈಗವಸು ಹಾಕಿ ಕೂತಿರುವುದು. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಕರೆಂಟು ಹೊಡೆದ ಹಾಗೆ. ನಲ್ಲಿ ನೀರು ಗಾಜಿನ ಚೂರು ನುಂಗಿದ ಹಾಗೆ. ಸೀಮೆಸುಣ್ಣ ಹಿಡಿಯಲಾಗದೆ ಅವಳು ಅತ್ತದ್ದನ್ನು ಆಗ ನೋಡಿದೆ. ಗಡ್ಡೆಯ ಸುದ್ದಿ ಕೇಳಿದಾಗಲೂ ಅವಳು ಅತ್ತಿರಲಿಲ್ಲ.

ಅವಳ ಶಾಲೆಯ ಒಬ್ಬ ಟೀಚರ್ ಜುಮೇರಾದಲ್ಲಿದ್ದ ಚೀನೀ ವೈದ್ಯೆಯ ವಿಳಾಸ ಕೊಟ್ಟದ್ದು ಆಗಲೇ. ನನಗೆ ಮನಸ್ಸಿರಲಿಲ್ಲ. ಡಾ. ಹನಾನ್ ಬೈದಾರು ಎಂಬ ಭಯ. ಶಶಿ ಕದ್ದು ಮಾಡುವವಳಲ್ಲ. ನೇರವಾಗಿ ಅವರನ್ನೇ ಕೇಳಿದಳು. ಡಾ. ಹನಾನ್ ಇಂಗ್ಲಿಷಿನಲ್ಲಿ ಹೇಳಿದರು: "ಸೂಜಿ ಚುಚ್ಚಿಸಿಕೊಳ್ಳಿ, ರಕ್ತ ಪರೀಕ್ಷೆ ಸರಿಯಿದ್ದ ವಾರ ಮಾತ್ರ. ಬೇರು ನಾರುಗಳ ಹೆಸರನ್ನೆಲ್ಲ ಬರೆಸಿಕೊಂಡು ಬನ್ನಿ. ನಾನು ನೋಡದೆ ಒಂದು ತೊಟ್ಟೂ ಬೇಡ. ಡ್ರಿಪ್ಪಿನ ಹಿಂದೆ ಮುಂದೆ ಮೂರು ದಿನ ಅದೂ ಬೇಡ. ಕ್ಯಾನ್ಸರನ್ನು ಅದು ಗುಣ ಮಾಡುತ್ತದೆ ಎಂದು ಅವರು ಹೇಳಿದರೆ ಎದ್ದು ಬನ್ನಿ."

ಚೀನೀ ವೈದ್ಯೆ ಡಾ. ಗುವೋ ಹಾಗೆ ಹೇಳಲಿಲ್ಲ. ಅರವತ್ತು ದಾಟಿದ ಹೆಂಗಸು, ಇಂಗ್ಲಿಷ್ ನಾಲ್ಕು ಮಾತು. ಶಶಿಯ ನಾಲಿಗೆ ನೋಡಿದರು, ಎರಡೂ ಕೈಗಳ ನಾಡಿಯನ್ನು ಮೂರು ಬೆರಳಿಟ್ಟು ತುಂಬ ಹೊತ್ತು ಹಿಡಿದರು.

"ನಮ್ಮ ಊರಿನ ಪಂಡಿತರ ಹಾಗೆಯೇ," ಎಂದು ಶಶಿ ನನ್ನ ಕಿವಿಯಲ್ಲಿ ಹೇಳಿದಳು. "ಪಂಡಿತರಾದ್ರೆ ಇಷ್ಟೊತ್ತಿಗೆ ನಿಮ್ಮ ಅಪ್ಪ ಅಮ್ಮನ ಆರೋಗ್ಯವನ್ನೂ ವಿಚಾರಿಸಿ ಆಗ್ತಿತ್ತು."

ಡಾ. ಗುವೋ ಕೊಟ್ಟದ್ದು ಐದು ಬಗೆಯ ಬೇರು ತೊಗಟೆಗಳು. ಹೆಸರುಗಳನ್ನು ಚೀನೀ ಲಿಪಿಯಲ್ಲೂ ಲ್ಯಾಟಿನ್ನಿನಲ್ಲೂ ಬರೆದುಕೊಟ್ಟರು. ಡಾ. ಹನಾನ್ ಎರಡನ್ನು ಹೊಡೆದುಹಾಕಿದರು. ಡಾ. ಗುವೋ ಮರುಮಾತಿಲ್ಲದೆ ಎರಡನ್ನು ಪೊಟ್ಟಣದಿಂದ ತೆಗೆದರು. ಆ ಪಟ್ಟಿಯನ್ನು ಶಶಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತನ್ನ ಬ್ಯಾಗಿನಲ್ಲೇ ಇಟ್ಟುಕೊಂಡಳು. ಮಾತ್ರೆ, ಟಾನಿಕ್, ವಿಟಮಿನ್ ಎಲ್ಲದರ ಹೆಸರೂ ಅದರಲ್ಲಿ ಸೇರಿತು. ಗಣಿತದ ಟೀಚರ್ ಮಾಡಿದ ಪಟ್ಟಿ. ಅಂಕಣ ಎಳೆದು, ಹೊತ್ತು ಬರೆದು, ಚಂದ ಮಾಡಿ.

ಸೂಜಿಯ ಅರ್ಧ ಗಂಟೆ ಅವಳಿಗೆ ಇಷ್ಟವಾಯಿತು. ಬೆಚ್ಚಗಿನ ಕೋಣೆ, ಎಸಿ ಬಂದ್, ಯಾರೂ ಏನೂ ಕೇಳುವುದಿಲ್ಲ. ವಾಂತಿ ಕಡಿಮೆಯಾಯಿತು, ಬೆರಳುಗಳು ಸ್ವಲ್ಪ ಮಾತು ಕೇಳತೊಡಗಿದವು ಎಂದಳು. ಸೂಜಿಯಿಂದಲೋ, ಆ ಕೋಣೆಯಿಂದಲೋ, ಡಾ. ಹನಾನ್ ಡೋಸು ಸ್ವಲ್ಪ ಇಳಿಸಿದ್ದರಿಂದಲೋ, ನನಗೆ ಗೊತ್ತಿಲ್ಲ. ಅವಳು ಮತ್ತೆ ಸೀಮೆಸುಣ್ಣ ಹಿಡಿದಳು. ಜೂನಿನ ಸ್ಕ್ಯಾನಿನಲ್ಲಿ ಲಿವರಿನ ಚುಕ್ಕೆಗಳು ಸಣ್ಣದಾಗಿದ್ದವು. ಇನ್ನೂ ಸಣ್ಣದಾದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬಹುದು ಎಂದರು ಡಾ. ಹನಾನ್. ಅವರ ಬಾಯಿಂದ ನಾವು ಕೇಳಿದ ಮೊದಲ 'ಬಹುದು' ಅದು.

ರಂಜಾನ್ ಬಂತು. ಒಂದು ದಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಶಶಿ ಬಾಯಾರಿ ಒಣಗಿದ ತುಟಿ ಸವರಿಕೊಳ್ಳುತ್ತಿದ್ದಳು. ಬಾಟಲಿ ಕೈಯಲ್ಲೇ ಇತ್ತು. ಸುತ್ತ ಎಲ್ಲ ಉಪವಾಸದವರು, ಅವಳಿಗೆ ಸಂಕೋಚ. ಎದುರಿಗೆ ಕೂತಿದ್ದ ಸ್ಥಳೀಯ ಮುದುಕಿ, ಮುಖದ ಮೇಲೆ ಹಳೆಯ ಕಾಲದ ಬುರ್ಖಾ ಎಂಬ ಹೊಳೆಯುವ ಮುಖವಾಡ, ಎದ್ದು ಬಂದು ಬಾಟಲಿಯ ಮುಚ್ಚಳ ತಾನೇ ತಿರುಗಿಸಿ ಅವಳ ಕೈಗಿತ್ತಳು. "ಇಶ್ರಬಿ, ಇಶ್ರಬಿ," ಕುಡಿ ಕುಡಿ ಎಂದಳು. ಶಶಿ ಕುಡಿದು ಮುಗಿಸುವವರೆಗೆ ತನ್ನ ಕಪ್ಪು ಅಬಾಯಾವನ್ನು ಪರದೆಯ ಹಾಗೆ ಹಿಡಿದು ನಿಂತಿದ್ದಳು.

ಆ ತಿಂಗಳ ಕೊನೆಯ ಶನಿವಾರ ಆಟಿ ಅಮಾವಾಸ್ಯೆ, ಎಂದರೆ ಆಷಾಢದ ಅಮಾವಾಸ್ಯೆ.

ನಮ್ಮ ತುಳುನಾಡಿನಲ್ಲಿ ಅವತ್ತು ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ವರ್ಷವಿಡೀ ಕಾಯಿಲೆ ಬಾರದಿರಲಿ ಎಂದು. ಅಲ್ ನಹ್ದಾದ ಆ ಕಟ್ಟಡದಲ್ಲಿ ಹನ್ನೊಂದು ವರ್ಷ ಅದನ್ನು ಮಾಡಿದವನು ನಾನು. ಊರಿನಿಂದ ಬರುವ ಯಾರಾದರೂ ಸೂಟ್‌ಕೇಸಿನಲ್ಲಿ ತೊಗಟೆ ತರುತ್ತಿದ್ದರು. ಕಷಾಯಕ್ಕೆ ಕಾಯಿಸಿ ಹಾಕುವ ಬೆಣಚುಕಲ್ಲನ್ನು ನಾನೇ ಒಮ್ಮೆ ಕೈಚೀಲದಲ್ಲಿ ತಂದು, ವಿಮಾನ ನಿಲ್ದಾಣದಲ್ಲಿ ಅದು ಏಕೆಂದು ವಿವರಿಸಲಾಗದೆ ಬೆವತಿದ್ದೆ. ಗ್ಯಾಸ್ ಒಲೆಯಲ್ಲಿ ಕಲ್ಲು ಕೆಂಪಾಗುವಾಗ ಒಂದು ವರ್ಷ ಹೊಗೆಯ ಅಲಾರಂ ಕೂಗಿ ಇಡೀ ಕಟ್ಟಡವನ್ನು ಕೆಳಗಿಳಿಸಿದ್ದೂ ಉಂಟು. ಆರು ಮನೆಯವರು ನಮ್ಮ ಮನೆಯ ಹಾಲ್‌ನಲ್ಲಿ ಸಾಲಾಗಿ ನಿಂತು ಮುಖ ಕಿವಿಚಿಕೊಂಡು ಕುಡಿಯುವುದು, ಆಮೇಲೆ ಶಶಿ ಮಾಡಿದ ಮೆಂತೆ ಗಂಜಿ. ಮಕ್ಕಳು ಬೆಲ್ಲದ ಡಬ್ಬಿಗೆ ಮುಗಿಬೀಳುವುದು.

ಆ ವರ್ಷ ಬೇಡವೆಂದಿದ್ದೆ. ಶಶಿ ಬಿಡಲಿಲ್ಲ.

"ಎಲ್ಲ ಬಂದ್ ಮಾಡಿ ಕೂತುಕೊಳ್ಳುದಾ ಹಾಗಾದ್ರೆ? ಎಲ್ಲರನ್ನೂ ಕರೀರಿ. ಮನೆಯಲ್ಲಿ ನಾಲ್ಕು ಜನರ ಸದ್ದು ಕೇಳದೆ ಎಷ್ಟು ದಿನ ಆಯ್ತು."

ಕರೆದೆವು. ಶಶಿ ಒಂದೇ ಗುಟುಕಿಗೆ ಕುಡಿದು, "ಎಂತ ಕಹಿ ಮಾರಾಯ್ರೆ, ಇದರ ಮುಂದೆ ಕೀಮೋ ಪಾಯಸ!" ಎಂದಳು. ಎಲ್ಲರೂ ನಕ್ಕರು. ಹನ್ನೆರಡು ವರ್ಷದ ಮಗಳು ಧೃತಿ, "ಅಮ್ಮಾ, ಯು ಆರ್ ಸೋ ಬ್ರೇವ್," ಎಂದಳು. ಆ ನಗು ನನ್ನ ತಲೆಗೇರಿತು. ಒಂದು ಲೋಟ ಆರೋಗ್ಯವಂತರಿಗೆ ವರ್ಷಕ್ಕೆ ಸಾಕಾಗುವುದಾದರೆ ಇವಳಿಗೆ ಇನ್ನಷ್ಟು ಬೇಕಲ್ಲವೇ ಎಂದುಕೊಂಡೆ. ಉಳಿದದ್ದನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಮುಂದಿನ ಎಂಟು ದಿನ ಬೆಳಿಗ್ಗೆ ಬೆಚ್ಚಗೆ ಮಾಡಿ ಅರ್ಧ ಲೋಟ ಕುಡಿಸಿದೆ. ಊರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಒಂದು ದಿನ, ಒಂದು ಲೋಟ, ಅಷ್ಟೇ. ಅಪ್ಪ ಇದ್ದಿದ್ದರೆ ಬಾಟಲಿಯನ್ನು ಚೆಲ್ಲುತ್ತಿದ್ದರು.

ಈದ್ ರಜೆ ಮುಗಿದ ಸೋಮವಾರ ಡ್ರಿಪ್ಪಿಗೆ ಹೋದೆವು. ರಕ್ತ ತೆಗೆದು ಎರಡು ಗಂಟೆಯಾದರೂ ಮದ್ದಿನ ಚೀಲ ಬರಲಿಲ್ಲ. ಡಾ. ಹನಾನ್ ತಾವೇ ಬಂದರು. ಶಶಿಯ ಕಣ್ಣಿನ ಕೆಳರೆಪ್ಪೆ ಎಳೆದು ಬೆಳಕಿಗೆ ಹಿಡಿದು ನೋಡಿದರು. ಲಿವರಿನ ಅಂಕೆಗಳು ವಿಪರೀತ ಏರಿದ್ದವು.

"ಎರಡು ಸಾಧ್ಯತೆ," ಎಂದರು. "ಯಾವುದೋ ಮದ್ದು ಲಿವರಿಗೆ ತೊಂದರೆ ಮಾಡುತ್ತಿದೆ. ಇಲ್ಲವೇ ಕಾಯಿಲೆ ಮತ್ತೆ ಬೆಳೆದಿದೆ. ಬೆಳೆದಿದ್ದರೆ ಈ ಕೀಮೋ ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ಬೇರೆಯದಕ್ಕೆ ಹೋಗಬೇಕು. ಶಸ್ತ್ರಚಿಕಿತ್ಸೆಯ ಮಾತು ಆಮೇಲೆ ಕಷ್ಟ. ಹೊಸದಾಗಿ ಏನಾದರೂ ತೆಗೆದುಕೊಂಡಿದ್ದಾರಾ?"

"ಇಲ್ಲ," ಎಂದೆ ನಾನು. ಶಶಿಯೂ ತಲೆಯಾಡಿಸಿ ಪಟ್ಟಿ ತೆಗೆದು ಕೊಟ್ಟಳು. ಅದರಲ್ಲಿ ಹೊಸದು ಏನೂ ಇರಲಿಲ್ಲ. ಡಾ. ಹನಾನ್ ಮೂರು ಚೀನೀ ಬೇರುಗಳ ಮೇಲೆ ಗೆರೆ ಎಳೆದರು. "ಇವೆಲ್ಲ ಇವತ್ತಿನಿಂದ ನಿಲ್ಲಲಿ. ಬುಧವಾರ ಮತ್ತೆ ರಕ್ತ. ಮುಂದಿನ ವಾರ ಸ್ಕ್ಯಾನ್."

ಮರುದಿನ ನಾನು ಜುಮೇರಾಕ್ಕೆ ಹೋಗಿ ಡಾ. ಗುವೋ ಅವರ ಮೇಜಿನ ಮೇಲೆ ಪೊಟ್ಟಣಗಳನ್ನು ಎಸೆದೆ. ಏನೇನು ಹೇಳಿದೆ ಎಂದು ಬರೆಯಲು ಇವತ್ತಿಗೂ ನಾಚಿಕೆ. ಬಿ.ಕಾಂ. ಓದಿದವನು, ಇಪ್ಪತ್ತು ವರ್ಷ ಹತ್ತು ದೇಶದವರ ನಡುವೆ ದುಡಿದವನು, ಆ ಹೆಂಗಸಿನ ದೇಶವನ್ನೂ ಸೇರಿಸಿ ಬೈದೆ. ಅವರು ನಿಂತುಕೊಂಡೇ ಕೇಳಿಸಿಕೊಂಡರು. ಪೊಟ್ಟಣಗಳನ್ನು ಒಂದೊಂದಾಗಿ ಡ್ರಾಯರಿನಲ್ಲಿಟ್ಟರು.

"ನನ್ನದು ನಿಲ್ಲಿಸಿ. ಒಳ್ಳೆಯದು," ಎಂದರು ನಿಧಾನವಾದ ಇಂಗ್ಲಿಷಿನಲ್ಲಿ. "ಬೇರೆ ಏನು ಕುಡಿದಳು?"

"ಏನೂ ಇಲ್ಲ!"

ಇಬ್ಬರು ವೈದ್ಯರು ಕೇಳಿದ್ದರು. ಎರಡು ಸಲವೂ ನಾನು ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ಈಗಲೂ ಮತ್ತೆ ಮತ್ತೆ ನೆನೆಯುವುದು. ಮನಸ್ಸಿನಲ್ಲಿ ಆ ಬಾಟಲಿ ಬರಲೇ ಇಲ್ಲ.

ಬುಧವಾರ ರಕ್ತ ತೆಗೆಯುವಾಗ ಸಿಸ್ಟರ್ ಲೀನಾ ಶಶಿಯ ಮನಸ್ಸು ಬೇರೆ ಕಡೆ ತಿರುಗಿಸಲು ಊರಿನ ಸುದ್ದಿ ಎತ್ತಿದರು.

"ಊರಲ್ಲಿ ಭಯಂಕರ ಮಳೆಯಂತೆ ಶಶಿಯಕ್ಕ. ಅಮ್ಮ ಫೋನ್ ಮಾಡಿದ್ರು. ಆಟಿ ಎಲ್ಲ ಜೋರಾ ನಿಮ್ಮದು?"

"ಈ ಸಲವೂ ಮಾಡಿದೆವು. ಇವರು ಬಿಡ್ತಾರಾ?"

"ನಮ್ಮ ಪಪ್ಪನೂ ಕುಡಿಸ್ತಿದ್ರು ನಮಗೆ, ಪಕ್ಕದ ಮನೆ ಪೂಜಾರ್‍ರು ತಂದುಕೊಡ್ತಿದ್ರು. ಇಗರ್ಜಿಗೆ ಹೋಗುವಾಗ ದಾರಿಯಿಡೀ ಉಗಿಯುದು ನಾವು! ನೀವು ಮಾತ್ರ ಕುಡೀಲಿಲ್ಲ ಅಲ್ಲ?"

ಶಶಿ ನನ್ನ ಮುಖ ನೋಡಿದಳು. ಸಿಸ್ಟರ್ ಲೀನಾ ಸೂಜಿ ಹೊರಗೆಳೆದು ಹತ್ತಿ ಒತ್ತಿ ಹಿಡಿದರು. ನಗು ನಿಂತಿತ್ತು.

"ಸುಧಾಕರಣ್ಣ. ಡಾಕ್ಟರಿಗೆ ಹೇಳಿದ್ರಾ?"

"ಅದು ಮದ್ದಲ್ಲವಲ್ಲ ಸಿಸ್ಟರ್," ಎಂದೆ. "ಅದು ಆಟಿ."

ಹೇಳಿ ಮುಗಿಸುವ ಮೊದಲೇ ನನಗೆ ಹೊಳೆಯಿತು. ವರ್ಷವಿಡೀ ಕಾಯಿಲೆ ಬಾರದಿರಲಿ ಎಂದು ಕುಡಿಯುವ, ಮರದ ತೊಗಟೆ ಜಜ್ಜಿ ತೆಗೆದ ರಸ ಮದ್ದಲ್ಲದಿದ್ದರೆ ಇನ್ನೇನು? ಚೀನಾದಿಂದ ಬಂದದ್ದರ ಹೆಸರನ್ನು ಲ್ಯಾಟಿನ್ನಿನಲ್ಲಿ ಬರೆಸಿಕೊಂಡಿದ್ದೆವು. ಕಾಪುವಿನಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ.

"ಎಷ್ಟು ಕುಡಿದ್ರಿ? ಒಂದು ಲೋಟವಾ?"

"ಒಂಬತ್ತು ದಿನ," ಎಂದಳು ಶಶಿ.

"ಯೇಸುವೇ! ಬನ್ನಿ ಇಬ್ಬರೂ. ಈಗಲೇ."

ಡಾ. ಹನಾನ್ ಕೂಗಾಡಲಿಲ್ಲ. ಮರದ ಹೆಸರು ಕೇಳಿದರು. ಈ ಸಲದ ತೊಗಟೆ ಯಾರು ಕೆತ್ತಿದ್ದು ಎಂದು ಕೇಳಿದರು. ನನ್ನ ಸೋದರಮಾವನ ಮಗ ಅದನ್ನು ಪೇಟೆಯಲ್ಲಿ ಕಟ್ಟು ಕಟ್ಟಾಗಿ ಮಾರುವಲ್ಲಿಂದ ತಂದದ್ದು. ಅದು ಹಾಲೆಯೇ ಎಂದು ನಾನು ಆಣೆ ಹಾಕಿ ಹೇಳಲಾರದವನಾಗಿದ್ದೆ. ಅವರು ಎಲ್ಲವನ್ನೂ ಬರೆದುಕೊಂಡರು.

"ಇದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ," ಎಂದರು. "ಇರಬಹುದು. ಕಾಯಿಲೆಯೂ ಇರಬಹುದು. ಒಂದು ವಾರ ನೋಡೋಣ. ಇಳಿದರೆ ನಮ್ಮ ಅದೃಷ್ಟ." ಆಮೇಲೆ ನನ್ನ ಕಡೆ ತಿರುಗಿ, "ನನ್ನ ಅಜ್ಜಿಯೂ ನಮಗೆ ಏನೇನೋ ಕುಡಿಸುತ್ತಿದ್ದಳು. ಅದನ್ನು ನಾನೂ ಯಾವತ್ತೂ ಮದ್ದು ಎಂದು ಕರೆದವಳಲ್ಲ. ಇನ್ನು ಮುಂದೆ ನಾನು ಬೇರೆ ಥರ ಕೇಳಬೇಕು," ಎಂದರು.

ವಾಪಸು ಹೊರಟೆವು. ಖರ್ಜೂರದ ಗಿಡಗಳು ಮುಗಿದು ಮರಳು ಶುರುವಾದ ಮೇಲೆ ನಾನು, "ನನ್ನ ತಪ್ಪು," ಎಂದೆ.

"ನೀವು ಕೊಟ್ಟದ್ದು, ನಾನು ಕುಡಿದದ್ದು. ನಾನೇನು ಸಣ್ಣ ಮಗುವಾ?" ಮತ್ತೆ ಕೇಳಿದಳು: "ಅದಿರ್ಲಿ, ನಿನ್ನೆ ಜುಮೇರಾಕ್ಕೆ ಹೋಗಿ ಎಂತ ಮಾಡಿ ಬಂದಿದ್ದೀರಿ?"

ಹೇಳಿದೆ. ಅವಳು ಕೈಗವಸು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಗಾಡಿ ಅಲ್ಲಿಗೇ ಬಿಡಿ. ಮನೆಗಲ್ಲ."

ಅವಳು ಕಾರಿನಲ್ಲೇ ಕೂತಿದ್ದಳು, ನನ್ನೊಬ್ಬನನ್ನೇ ಒಳಗೆ ಕಳಿಸಿದಳು. ಡಾ. ಗುವೋ ಮುಂದೆ ಕೈಮುಗಿದು ನಿಂತು ನಡೆದದ್ದನ್ನು ಹೇಳಿದೆ. ಅವರು ನನ್ನ ಕ್ಷಮೆಯನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. "ಕಹಿಯಾ? ತುಂಬಾ ಕಹಿಯಾ?" ಎಂದು ಕಷಾಯದ ಬಗ್ಗೆಯೇ ವಿಚಾರಿಸಿದರು. ಬಿಸಿ ನೀರಿನ ಒಂದು ಲೋಟವನ್ನು ಕೈಗೆ ಕೊಟ್ಟು, ಹೊರಗೆ ಕಾರಿನ ಕಡೆ ಬೆರಳು ತೋರಿಸಿದರು. ಅವಳಿಗೆ.

ಮನೆಯ ಲಿಫ್ಟಿನಲ್ಲಿ ಶಶಿ ಮೆಲ್ಲಗೆ ಹೇಳಿದಳು: "ಧೃತಿಗೆ ಹೇಳ್ಬೇಡಿ. ನೀವು ಬೇಗ ಫ್ಯಾಕ್ಟರಿಗೆ ಹೋದ ಎರಡು ದಿನ ಅವಳೇ ಬಿಸಿ ಮಾಡಿ ಕೊಟ್ಟದ್ದು."

ಹೇಳಲಿಲ್ಲ. ಬಾಟಲಿಯನ್ನು ಸಿಂಕಿಗೆ ಚೆಲ್ಲಿ ತೊಳೆದಿಟ್ಟೆ, ಅಷ್ಟೇ. ಎರಡು ಕೋಣೆಯ ಫ್ಲಾಟಿನಲ್ಲಿ ಯಾವ ಮಾತು ಯಾರಿಗೆ ಕೇಳುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವೋ.

ಫೆಬ್ರವರಿಯಿಂದಲೇ ನನಗೆ ಸರಿಯಾದ ನಿದ್ದೆಯಿರಲಿಲ್ಲ. ಆ ವಾರ ಇದ್ದ ಅಲ್ಪಸ್ವಲ್ಪವೂ ಹೋಯಿತು. ಶಶಿ ಹೊರಳಿದರೆ ಎದ್ದು ಕೂರುತ್ತಿದ್ದೆ, ಹೊರಳದಿದ್ದರೂ ಎದ್ದು ಕೂರುತ್ತಿದ್ದೆ. ಬೆಳಗಾದರೆ ಮೊದಲು ಅವಳ ಕಣ್ಣಿನ ಬಿಳಿ ಹಳದಿಗೆ ತಿರುಗಿದೆಯೇ ಎಂದು ನೋಡುವುದು. "ನಾನೇನು ಮಾವಿನ ಹಣ್ಣಾ, ದಿನಾ ಬಣ್ಣ ನೋಡ್ಲಿಕ್ಕೆ?" ಎನ್ನುತ್ತಿದ್ದಳು. ಅವಳೂ ಕನ್ನಡಿಯ ಮುಂದೆ ತುಂಬ ಹೊತ್ತು ನಿಲ್ಲುವುದನ್ನು ನಾನು ಕಂಡಿದ್ದೆ.

ಮುಂದಿನ ಬುಧವಾರ ಅಂಕೆಗಳು ಅರ್ಧಕ್ಕೆ ಇಳಿದಿದ್ದವು. ಸ್ಕ್ಯಾನಿನಲ್ಲಿ ಚುಕ್ಕೆಗಳು ಬೆಳೆದಿರಲಿಲ್ಲ. ಇನ್ನೂ ಒಂದು ವಾರ ಕಳೆದ ಮೇಲೆ ಸಿಸ್ಟರ್ ಲೀನಾ ಮದ್ದಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತ ವಾರ್ಡಿಗೆ ಬಂದರು, ಮದುವೆ ಮನೆಯಲ್ಲಿ ಪಾಯಸದ ಪಾತ್ರೆ ತರುವವರ ಹಾಗೆ. ನಾವು ಒಂದು ಕೀಮೋ ಡ್ರಿಪ್ಪನ್ನು ಕಂಡು ಅಷ್ಟು ಖುಷಿಪಡುತ್ತೇವೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಮರುವರ್ಷ ಲಿವರಿನ ಶಸ್ತ್ರಚಿಕಿತ್ಸೆಯೂ ಆಯಿತು. ಡಾ. ಗುವೋ ಬೇರುಗಳನ್ನು ಮತ್ತೆ ಕೊಡಲಿಲ್ಲ. ಸೂಜಿ ಮಾತ್ರ ಚುಚ್ಚಿದರು, ಶಶಿಗೆ ಬೇಕಾದಷ್ಟು ದಿನ. ಅದಾಗಿ ಈಗ ಐದು ವರ್ಷವಾಗಿದೆ. ನಾವೀಗ ಅಬುಧಾಬಿಯಲ್ಲಿದ್ದೇವೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಅದಕ್ಕೆ ಮೊದಲಿನ ವಾರ ಮನೆಯಲ್ಲಿ ಎಲ್ಲರಿಗೂ ಸಿಡುಕು. ಇದೇ ಕಾಯಿಲೆಯವರ ಮನೆಯವರು ಫೋನ್ ಮಾಡಿ ಚೀನೀ ಮದ್ದು ಒಳ್ಳೆಯದಾ ಎಂದು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಮದ್ದು ಎಂದು ಕರೆಯದೆ ಕುಡಿಯುವುದೆಲ್ಲ ಏನೇನು ಎಂದು ನಾನು ತಿರುಗಿ ಕೇಳುತ್ತೇನೆ.

ನನ್ನ ಲೆಕ್ಕದಲ್ಲಿ ಆ ವರ್ಷ ಮುಗಿದದ್ದು, ಸಿಸ್ಟರ್ ಲೀನಾ ಎತ್ತಿ ತೋರಿಸಿದ ಆ ಡ್ರಿಪ್ ಮುಗಿಸಿ ಮನೆಗೆ ಬಂದ ಮರುದಿನ ಬೆಳಿಗ್ಗೆ. ಕಣ್ಣು ಬಿಟ್ಟಾಗ ಪರದೆಯ ಸಂದಿಯಿಂದ ಬಿಸಿಲು ಕಾಲಿನವರೆಗೆ ಬಂದಿತ್ತು. ಎಂಟೂ ಹತ್ತು. ಅಲಾರಂ ಹೊಡೆದದ್ದು ಕೇಳಿರಲಿಲ್ಲ. ಶಶಿ ಬಾಯಿ ತೆರೆದು ಮಲಗಿದ್ದಳು, ಡ್ರಿಪ್ಪಿನ ನಂತರವೂ ಎರಡು ದಿನ ಮದ್ದು ಹರಿಸಲು ಸೊಂಟಕ್ಕೆ ಕಟ್ಟಿ ಕಳಿಸಿದ್ದ ಪಂಪಿನ ಸಮೇತ, ಸಂಜೆ ಮಲಗಿದ ಮಗ್ಗುಲಲ್ಲೇ. ಇಬ್ಬರೂ ಒಮ್ಮೆಯೂ ಎದ್ದಿರಲಿಲ್ಲ.

ಬಾಗಿಲ ಹತ್ತಿರ ನೆಲದಲ್ಲಿ, ಗೋಡೆಗೆ ಒರಗಿ ಧೃತಿ ಕೂತಿದ್ದಳು. ಮೊಣಕಾಲ ಮೇಲೆ ಗಲ್ಲ.

"ಎಷ್ಟೊತ್ತಾಯ್ತು ಮಗಾ, ಬಂದು?"

"ಐ ಕಮ್ ಎವ್ರಿ ಡೇ," ಎಂದಳು. "ಅಮ್ಮ ಉಸಿರು ತಗೊಳ್ತಾ ಇದ್ದಾರಾ ಅಂತ ನೋಡ್ಲಿಕ್ಕೆ. ದಿನಾ ನೀವು ಎದ್ದಿರ್ತೀರಿ, ಸೋ ಐ ಗೋ ಬ್ಯಾಕ್. ಇವತ್ತು ನೀವೂ ಮಲಗಿದ್ರಿ." ತುಟಿ ಕಚ್ಚಿದಳು. "ಪಪ್ಪಾ, ಐ ಗೇವ್ ಇಟ್ ಆಲ್ಸೋ. ಟೂ ಡೇಸ್."

ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ತಪ್ಪನ್ನು ಇಬ್ಬರು ವೈದ್ಯರಿಗೆ ಹೇಳಿದ್ದೆ, ಹೆಂಡತಿಗೆ ಹೇಳಿದ್ದೆ. ಹೇಳಬೇಕಾಗಿದ್ದ ಇನ್ನೊಬ್ಬಳು ಗೋಡೆಯ ಆಚೆ ಎರಡು ವಾರದಿಂದ ಎಚ್ಚರವಿದ್ದಳು.

ನೆಲದ ಮೇಲೆ ಅವಳ ಪಕ್ಕ ಕೂತು ಹೇಳಿದೆ. ಬಾಟಲಿಗೆ ತುಂಬಿದವನು ನಾನು, ಕೊಡು ಎಂದವನು ನಾನು, ಅಂಕೆಗಳು ಇಳಿದಿವೆ, ನಿನ್ನೆ ಡ್ರಿಪ್ಪೂ ಆಯಿತು ಎಂದು. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಗೊತ್ತಿದ್ದಷ್ಟು ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಮಾತಿಗೆ ಶಶಿಗೆ ಎಚ್ಚರವಾಯಿತು. ಏನೂ ಕೇಳದೆ ಹೊದಿಕೆಯ ಒಂದು ಬದಿ ಎತ್ತಿ ಹಿಡಿದಳು. ಧೃತಿ ನಮ್ಮ ನಡುವೆ, ಪಂಪಿನ ಕೊಳವೆಗೆ ತಾಗದ ಹಾಗೆ, ಜಾಗ್ರತೆಯಾಗಿ ನುಸುಳಿದಳು.

ಕಾರ್ಖಾನೆಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲ ಎಂದೆ. ಏನಾದರೂ ತೊಂದರೆಯಾ ಎಂದು ಕೇಳಿದರು. ಇಲ್ಲ, ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಎಂದೆ.